ಹಾಜರಿ ಪುಸ್ತಕದ ಹಿಂಬದಿ: ಕಾದಂಬರಿ ಬರೆಯುವವರ ಪ್ರಶ್ನೆಗಳಿಗೆ ಉತ್ತರ

ಕೊಡಗಿನ ಕಾಫಿ ತೋಟಗಳಲ್ಲಿ ರೈಟರ್ ಎಂದರೆ ಸಾಹಿತಿ ಅಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವವನು, ಸಂಜೆ ಕೊಯ್ದ ಹಣ್ಣು ತೂಗಿಸಿ ಬರೆದುಕೊಳ್ಳುವವನು, ವಾರಕ್ಕೊಮ್ಮೆ ಬಟವಾಡೆ ಮಾಡುವವನು. ಸುಂಟಿಕೊಪ್ಪದ ಹತ್ತಿರದ ಒಂದು ತೋಟದಲ್ಲಿ ನಾನು 31 ವರ್ಷ ಆ ರೈಟರ್ ಆಗಿದ್ದೆ. ಅದರ ನಡುವೆಯೇ ಐದು ಕಾದಂಬರಿ ಬರೆದೆ. ನಮ್ಮ ತೋಟದ ಆಳುಗಳಿರುವ ಲೈನ್ ಮನೆಗಳಲ್ಲಿ ಇವತ್ತಿಗೂ ಯಾರಿಗೂ ಅದು ದೊಡ್ಡ ಸಂಗತಿಯಲ್ಲ. 'ರೈಟರ್ ಬರೆಯದೆ ಇನ್ನೇನು ಮಾಡುತ್ತಾರೆ' ಎನ್ನುತ್ತಾರೆ.

ಕಾದಂಬರಿ ಬರೆಯುವವರು ಪ್ರಶ್ನೆ ಕಳುಹಿಸಬಹುದು ಎಂದು ಸಂಪಾದಕರು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದರು. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರಿನ ಹೆಸರು ಮಾತ್ರ ಉಳಿಸಿದ್ದೇನೆ.

ನನಗೆ 29 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮೊದಲ ಕಾದಂಬರಿಗೆ ಒಳ್ಳೆಯ ವಿಮರ್ಶೆ ಬಂದಿದೆ. ಕೆಲಸ ಬಿಟ್ಟು ಊರಿಗೆ ಬಂದು ಪೂರ್ತಿಯಾಗಿ ಬರೆಯಲು ಕೂರಬೇಕೆಂದಿದ್ದೇನೆ. ಜೀವನ ನಡೆಯುತ್ತದೆಯೇ? (ಶನಿವಾರಸಂತೆ)

ನಡೆಯುವುದಿಲ್ಲ. ಸಿಟ್ಟಾಗಬೇಡಿ, ಲೆಕ್ಕ ಒಪ್ಪಿಸುತ್ತೇನೆ. ನಿಮ್ಮ ಕಾದಂಬರಿಯ ಬೆಲೆ 250 ರೂಪಾಯಿ ಎಂದಿಟ್ಟುಕೊಳ್ಳಿ. ಕನ್ನಡದಲ್ಲಿ ರೂಢಿಯ ಗೌರವಧನ ಮುಖಬೆಲೆಯ ಶೇಕಡಾ 10. ಪ್ರತಿಗೆ 25 ರೂಪಾಯಿಯಾಯಿತು. 500 ಪ್ರತಿ ಮುದ್ರಿಸಿ ಐನೂರೂ ಖರ್ಚಾದರೆ 12,500. ಬರೆಯಲು ಮೂರು ವರ್ಷ ಹಿಡಿದಿದ್ದರೆ ತಿಂಗಳಿಗೆ 347 ರೂಪಾಯಿ. ಆ ದುಡ್ಡಿನಲ್ಲಿ ಸಂತೆಗೆ ಹೋಗಿ ಮೀನು ತಂದರೆ ಮಸಾಲೆಗೆ ಸಾಲ ಮಾಡಬೇಕು.

ಬರವಣಿಗೆಯನ್ನೇ ನಂಬಿ ಬದುಕಿದವರು ಇಲ್ಲವೆಂದಲ್ಲ. ಅನಕೃ ಬದುಕಿದರು. ಅದಕ್ಕೆ ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆಯಬೇಕಾಯಿತು. ಆಗ ಓಣಿಗೊಂದು ಬಾಡಿಗೆ ಪುಸ್ತಕದಂಗಡಿ ಇತ್ತು, ವಾರಪತ್ರಿಕೆಯ ಧಾರಾವಾಹಿಗೆ ಮನೆಮಂದಿಯೆಲ್ಲ ಕಾಯುತ್ತಿದ್ದರು. ಇತ್ತ ನೋಡಿದರೆ ಚಿತ್ತಾಲರು ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿದ್ದರು. ಭೈರಪ್ಪನವರು 1991ರಲ್ಲಿ ನಿವೃತ್ತರಾಗುವವರೆಗೂ ಪಾಠ ಹೇಳಿದರು. ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆದರು. ಇವರ್ಯಾರೂ ಕೆಲಸದಿಂದಾಗಿ ಸಣ್ಣ ಬರಹಗಾರರಾಗಲಿಲ್ಲ.

ನೀವು ತೋಟದ ಮನೆಯ ಹುಡುಗನೆಂದು ಪತ್ರದಲ್ಲಿ ಬರೆದಿದ್ದೀರಿ. ಹಾಗಾದರೆ ಇದು ನಿಮಗೆ ಗೊತ್ತು: ಕಾಫಿ ಗಿಡ ನೆಟ್ಟ ಮೂರು ನಾಲ್ಕು ವರ್ಷ ಕೈಗೆ ಕಾಸು ಬರುವುದಿಲ್ಲ. ಅಲ್ಲಿಯವರೆಗೆ ಸಾಲಿನ ನಡುವೆ ಬಾಳೆಯೋ ಶುಂಠಿಯೋ ಹಾಕಿಕೊಂಡು ಮನೆ ನಡೆಸುತ್ತೇವೆ. ಬಾಳೆ ಹಾಕಿದ್ದಕ್ಕೆ ನಿಮ್ಮಪ್ಪನನ್ನು ಯಾರೂ ಅರೆಕಾಲಿಕ ಬೆಳೆಗಾರ ಎಂದು ಕರೆಯುವುದಿಲ್ಲ. ನಿಮ್ಮ ಸಂಬಳ ಆ ಬಾಳೆ. ಬಿಡಲೇಬೇಕೆಂದಿದ್ದರೆ ಕೆಲಸವನ್ನು ಬಿಡಬೇಡಿ, ಕೊನೆಯ ಕರಡು ಬರೆಯುವ ಹೊತ್ತಿಗೆ ಒಂದು ತಿಂಗಳು ಸಂಬಳವಿಲ್ಲದ ರಜೆ ಕೇಳಿ. ನಾನು ಜುಲೈ ತಿಂಗಳನ್ನು ಅದಕ್ಕೆ ಇಟ್ಟುಕೊಂಡಿದ್ದೆ. ನಮ್ಮಲ್ಲಿ ಜುಲೈ ಎಂದರೆ ತೋಟದಲ್ಲಿ ಕೆಲಸ ಕಡಿಮೆ, ಕರೆಂಟ್ ಇಲ್ಲ, ನೆಂಟರೂ ಬರುವುದಿಲ್ಲ.

ದಿನಕ್ಕೆ ಎಷ್ಟು ಪುಟ ಬರೆಯಬೇಕು? (ಪೊನ್ನಂಪೇಟೆ)

ಪುಟ ಎಣಿಸುವ ಅಭ್ಯಾಸ ನನಗಿಲ್ಲ. ಹಾಜರಿ ಹಾಕುವ ಅಭ್ಯಾಸವಿದೆ. ತೋಟದ ಹಾಜರಿ ಪುಸ್ತಕ ವರ್ಷಕ್ಕೊಮ್ಮೆ ಬದಲಾಗುತ್ತದೆ. ಹಿಂಬದಿಯಲ್ಲಿ ಹತ್ತು ಹದಿನೈದು ಹಾಳೆ ಖಾಲಿ ಉಳಿಯುತ್ತದೆ. ಅಲ್ಲಿ ನನ್ನ ಹೆಸರನ್ನು ನಾನೇ ಒಬ್ಬ ಆಳಿನಂತೆ ಬರೆದುಕೊಂಡು, ಎದುರಿಗೆ ಪ್ರತಿದಿನ ಗುರುತು ಹಾಕುತ್ತಿದ್ದೆ. ಒಂದು ಗಂಟೆ ಕೂತಿದ್ದರೆ ಪೂರ್ತಿ ಗೆರೆ, ಹದಿನೈದು ನಿಮಿಷ ಕೂತಿದ್ದರೆ ಅರ್ಧ ಗೆರೆ, ಕೂರದಿದ್ದರೆ ಸೊನ್ನೆ. ಬರೆದೆನೋ ಇಲ್ಲವೋ ಲೆಕ್ಕಕ್ಕಿಲ್ಲ, ಕೂತಿರಬೇಕು ಅಷ್ಟೆ.

ಮೂರನೆಯ ಕಾದಂಬರಿ ಮುಗಿದ ಮೇಲೆ ಆ ಹಾಳೆಗಳನ್ನು ಕೂಡಿಸಿ ನೋಡಿದೆ. ಶುರುವಿನಿಂದ ಕೊನೆಗೆ 1,140 ದಿನ. ಪೂರ್ತಿ ಗೆರೆ 412, ಅರ್ಧ 203, ಉಳಿದ 525 ಸೊನ್ನೆ. ಹತ್ತಿರ ಹತ್ತಿರ ಅರ್ಧಕ್ಕರ್ಧ ದಿನ ಗೈರು! ಇಂಥ ಆಳನ್ನು ನಾನು ಯಾವತ್ತೋ ತೋಟದಿಂದ ಕಳುಹಿಸಿರುತ್ತಿದ್ದೆ. ಆದರೂ ಕಾದಂಬರಿ ಆಯಿತು. ಸೊನ್ನೆಗಳನ್ನು ನೋಡುತ್ತ ಹೋದರೆ ಅವು ಎಲ್ಲಿ ಗುಂಪುಗುಂಪಾಗಿ ಬಿದ್ದಿವೆ ಎಂಬುದೂ ತಿಳಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅರೇಬಿಕಾ ಮುಗಿದು ರೋಬಸ್ಟಾ ಕೊಯ್ಲು ನಡೆಯುವಾಗ, ಸಾಲುಸಾಲು ಸೊನ್ನೆ. ಅದು ಗೊತ್ತಾದ ಮೇಲೆ ಆ ನಾಲ್ಕು ತಿಂಗಳು ನನ್ನನ್ನು ನಾನು ಬೈದುಕೊಳ್ಳುವುದನ್ನು ಬಿಟ್ಟೆ. ಆಗ ಕಿವಿ ತೆರೆದುಕೊಂಡಿದ್ದರೆ ಸಾಕು ಎಂದು ತೀರ್ಮಾನಿಸಿದೆ. ತೂಕದ ತಕ್ಕಡಿಯ ಮುಂದೆ ನಿಂತ ಜನ ಆಡುವ ಮಾತು ಮಳೆಗಾಲದ ಮೇಜಿನ ಮುಂದೆ ಹುಟ್ಟುವುದಿಲ್ಲ.

ಒಬ್ಬ ಪ್ರಕಾಶಕರು ನನ್ನ ಕಾದಂಬರಿಯನ್ನು ಒಪ್ಪಿದ್ದಾರೆ. 'ಎಲ್ಲ ಹಕ್ಕುಗಳೂ ಪ್ರಕಾಶಕರಿಗೆ ಸೇರಿವೆ' ಎಂಬ ಒಂದು ಪುಟದ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಇನ್ನೊಬ್ಬರು 55,000 ರೂಪಾಯಿ ಕೊಟ್ಟರೆ ತರುತ್ತೇವೆ ಎನ್ನುತ್ತಾರೆ. ಯಾವುದು ಸರಿ? (ಕುಶಾಲನಗರ)

ಮೊದಲು ನನ್ನ ಕಥೆ. ನನ್ನ ಮೊದಲ ಕಾದಂಬರಿ ಬಂದದ್ದು 1996ರಲ್ಲಿ. 1,000 ಪ್ರತಿ, ಬೆಲೆ 60 ರೂಪಾಯಿ. ನನಗೆ ಬರಬೇಕಾಗಿದ್ದದ್ದು 6,000. ಹಣದ ಬದಲು ಪ್ರಕಾಶಕರು 75 ಪ್ರತಿ ಕೊಟ್ಟು 'ಉಳಿದದ್ದು ಆಮೇಲೆ ನೋಡೋಣ' ಎಂದರು. ಅವನ್ನು ಕಾಫಿ ಗೋಣಿಚೀಲದಲ್ಲಿ ತುಂಬಿ ರಾತ್ರಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಕಂಡಕ್ಟರ್ ಕಾಫಿ ಎಂದೇ ಲಗೇಜ್ ಚೀಟಿ ಹರಿದರು. ಆ 75ರಲ್ಲಿ ಮಾರಾಟವಾದದ್ದು 11, ಮಿಕ್ಕಿದ್ದೆಲ್ಲ ಗೌರವ ಪ್ರತಿ. ನಮ್ಮ ಕಡೆ ಪುಸ್ತಕ ಬರೆದವನು ಪುಸ್ತಕ ಮಾರಿದರೆ ಮದುವೆ ಮನೆಯವರು ಊಟಕ್ಕೆ ದುಡ್ಡು ಕೇಳಿದಂತೆ ನೋಡುತ್ತಾರೆ. ಆ 'ಆಮೇಲೆ' ಇನ್ನೂ ಬಂದಿಲ್ಲ.

ಹನ್ನೆರಡು ವರ್ಷಗಳ ನಂತರ ಒಂದು ತಂಡದವರು ಅದನ್ನು ನಾಟಕ ಮಾಡುತ್ತೇವೆಂದು ಬಂದರು. ಪ್ರಕಾಶಕರು ಹಕ್ಕು ತಮ್ಮದೆಂದರು. ಮಡಿಕೇರಿಯ ವಕೀಲರೊಬ್ಬರ ಹತ್ತಿರ ಹೋದೆ. 'ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ?' ಎಂದು ಕೇಳಿದರು. ಯಾವುದಕ್ಕೂ ಹಾಕಿರಲಿಲ್ಲ. 'ಹಾಗಾದರೆ ಎಲ್ಲವೂ ನಿಮ್ಮದೇ, ಮನೆಗೆ ಹೋಗಿ' ಎಂದರು. ಫೀಸಿನ ಬದಲು ಒಂದು ಕೆ.ಜಿ. ಕರಿಮೆಣಸು ತೆಗೆದುಕೊಂಡರು.

ಅವರಿಂದ ಅವತ್ತು ತಿಳಿದುಕೊಂಡದ್ದನ್ನು ಹೇಳುತ್ತೇನೆ, ಗೋಡೆಗೆ ಅಂಟಿಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಬಾಯಿಮಾತು ನಡೆಯುವುದಿಲ್ಲ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಎಂದು ಅರ್ಥ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ಆ ವರ್ಗಾವಣೆ ಬಿದ್ದುಹೋಗುತ್ತದೆ. ನಿಮ್ಮ ಕೃತಿಸ್ವಾಮ್ಯ ನಿಮ್ಮ ಜೀವಿತಾವಧಿ ಮುಗಿದ ಮೇಲೂ 60 ವರ್ಷ ಬದುಕಿರುತ್ತದೆ. ಅಂದರೆ 'ಎಲ್ಲ ಹಕ್ಕು' ಎಂದು ಬರೆದು ಕೊಡುವಾಗ ಮೊಮ್ಮಕ್ಕಳ ಪಾಲನ್ನೂ ಕೊಡುತ್ತಿದ್ದೀರಿ.

ಆದ್ದರಿಂದ ಆ ಪತ್ರವನ್ನು ಹರಿಯಬೇಡಿ, ತಿದ್ದಿ. 'ಮೊದಲ ಮುದ್ರಣದ 500 ಪ್ರತಿಗೆ' ಎಂದೋ 'ಮೂರು ವರ್ಷಕ್ಕೆ' ಎಂದೋ ಹಾಕಿಸಿ. ಅನುವಾದ, ಸಿನಿಮಾ, ನಾಟಕ, ಆಡಿಯೋ, ಇ-ಪುಸ್ತಕ ಇಷ್ಟನ್ನೂ ಒಂದೊಂದಾಗಿ ಹೆಸರಿಸಿ 'ಲೇಖಕರಲ್ಲೇ ಉಳಿಯುತ್ತದೆ' ಎಂದು ಸೇರಿಸಿ. ಗೌರವಧನ ಎಷ್ಟು, ಯಾವ ತಿಂಗಳು ಲೆಕ್ಕ ಕೊಡುತ್ತಾರೆ ಎಂಬುದೂ ಅದರಲ್ಲಿರಲಿ. ಒಳ್ಳೆಯ ಪ್ರಕಾಶಕರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ನನ್ನ ಈಗಿನ ಪ್ರಕಾಶಕರು ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕ ಕಳುಹಿಸುತ್ತಾರೆ. ಒಂದು ವರ್ಷ 840 ರೂಪಾಯಿಗೂ ಚೆಕ್ ಬಂದಿತ್ತು. ಅದನ್ನು ಬ್ಯಾಂಕಿಗೆ ಹಾಕುವ ಮೊದಲು ಫೋಟೋ ತೆಗೆದಿಟ್ಟುಕೊಂಡೆ.

ಇನ್ನು 55,000ದವರು. ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ನಾಚಿಕೆಯ ವಿಷಯವೇ ಅಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಆದರೆ ದುಡ್ಡು ನಿಮ್ಮದಾದರೆ ಪ್ರತಿಗಳೂ ನಿಮ್ಮವು, ಹಕ್ಕೂ ನಿಮ್ಮದು. ಹತ್ತಿರದ ಡಿಟಿಪಿಯವರನ್ನೂ ಮುದ್ರಣಾಲಯವನ್ನೂ ಕೇಳಿ ನಿಜವಾದ ಖರ್ಚು ತಿಳಿದುಕೊಳ್ಳಿ. ಈಗ 100 ಪ್ರತಿ ಮಾತ್ರ ಮುದ್ರಿಸಿಕೊಳ್ಳುವ ಅನುಕೂಲವಿದೆ. ಐಎಸ್‌ಬಿಎನ್ ಸಂಖ್ಯೆಗೆಂದು ಯಾರಾದರೂ ಹಣ ಕೇಳಿದರೆ, ನಮ್ಮ ದೇಶದಲ್ಲಿ ಅದು ಉಚಿತವೆಂದು ಅವರಿಗೆ ತಿಳಿಸಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯಿದೆ. ವಯಸ್ಸಿನ ಮಿತಿ ಇರುತ್ತದೆ, ಅರ್ಜಿ ಕರೆದಾಗ ಪತ್ರಿಕೆಯಲ್ಲಿ ನೋಡಿಕೊಳ್ಳಿ. ಗ್ರಂಥಾಲಯದ ಸಗಟು ಖರೀದಿಯ ಆಸೆ ತೋರಿಸುವವರ ಮಾತನ್ನು ಕೇಳಿಸಿಕೊಳ್ಳಿ, ಆ ಹಣವನ್ನು ಮಾತ್ರ ಕೈಗೆ ಬರುವ ಮೊದಲೇ ಖರ್ಚು ಮಾಡಬೇಡಿ.

ಮುನ್ನುಡಿ ಯಾರಿಂದ ಬರೆಸಲಿ? (ಗೋಣಿಕೊಪ್ಪಲು)

ಯಾರಿಂದಲೂ ಬೇಡ. ಮುನ್ನುಡಿಗೆ ಕಾದು ನನ್ನ ಎರಡನೆಯ ಕಾದಂಬರಿ 14 ತಿಂಗಳು ತಡವಾಯಿತು. ಕೊನೆಗೆ ಬಂದ ಮುನ್ನುಡಿಯಲ್ಲಿ ಕಥೆಯ ಕೊನೆಯನ್ನೂ ಹೇಳಿಬಿಟ್ಟಿದ್ದರು.

ಮನೆ, ಮಕ್ಕಳು, ಅತ್ತೆ, ಐದು ಎಕರೆ ತೋಟ, ಎರಡು ಹಸು. ಮೂರು ವರ್ಷದಿಂದ ಒಂದು ಕಾದಂಬರಿ ಅರ್ಧಕ್ಕೇ ನಿಂತಿದೆ. 'ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬರೆಯಿರಿ' ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ನಾನು ಈಗಲೇ ನಾಲ್ಕೂವರೆಗೆ ಏಳುತ್ತೇನೆ. (ಮಾದಾಪುರ)

ಈ ಪತ್ರವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. 'ನೀವು ಉತ್ತರ ಬರೆಯುವ ಮೊದಲು, ನಿಮ್ಮ ಐದು ಕಾದಂಬರಿಗೂ ಅಡುಗೆ ಮಾಡಿಟ್ಟವರು ಯಾರು ಎಂದು ಬರೆಯಿರಿ' ಎಂದಳು. ಬರೆದಿದ್ದೇನೆ. ಹಾಗಾಗಿ ನಾಲ್ಕು ಗಂಟೆಯ ಉಪದೇಶ ನನ್ನಿಂದ ಬರುವುದಿಲ್ಲ.

ನಿಮ್ಮೂರಿಗೆ ದೂರವಿಲ್ಲದ ಹರದೂರಿನ ಕಡೆಯ ಒಂದು ಕಾಫಿ ತೋಟದಲ್ಲಿ, ಮ್ಯಾನೇಜರ್ ಆಗಿದ್ದವರ ಹೆಂಡತಿಯಾಗಿ, ಕೊಡಗಿನ ಗೌರಮ್ಮ ಬದುಕಿದ್ದರು. ಪತ್ರಿಕೆಗಳಲ್ಲಿ 'ಶ್ರೀಮತಿ ಬಿ.ಟಿ.ಜಿ. ಕೃಷ್ಣ' ಎಂದು ಗಂಡನ ಹೆಸರಿನಲ್ಲಿ ಬರೆದರು. 1939ರಲ್ಲಿ ಈಜಲು ಹೋಗಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ 27 ವರ್ಷ. ತಮ್ಮ ಕಥೆಗಳು ಪುಸ್ತಕವಾದದ್ದನ್ನು ಅವರು ನೋಡಲಿಲ್ಲ. ಅವರನ್ನು ನೆನೆಸಿಕೊಂಡು ಕಣ್ಣೀರು ಹಾಕಿ ಎಂದು ಇದನ್ನು ಹೇಳುತ್ತಿಲ್ಲ. ಅವರು ಬರೆದದ್ದು ಸಣ್ಣ ಕಥೆ. ಬಿಡುವಿಗೆ ತಕ್ಕ ಅಳತೆ ಅದು ಎಂದು ನನಗೆ ಅನ್ನಿಸುತ್ತದೆ. ನಿಮ್ಮ ಕಾದಂಬರಿಯನ್ನೂ ಹಾಗೆ ಒಡೆಯಿರಿ. ಮುಂದಿನ ಅಧ್ಯಾಯ ಎಂಬ ಗುಡ್ಡವನ್ನು ಹತ್ತಬೇಡಿ. ಒಂದು ಸಂದರ್ಭ, ಎರಡು ಜನ, ಒಂದು ಜಗಲಿ, ನಾಲ್ಕು ಪುಟ. ಅಷ್ಟನ್ನು ಮುಗಿಸಿ ಪಕ್ಕಕ್ಕಿಡಿ. ಕ್ರಮದಲ್ಲೇ ಬರೆಯಬೇಕೆಂದು ಯಾರೂ ವಿಧಿಸಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಹೊಳೆದದ್ದನ್ನು ಮೊಬೈಲಿಗೆ ಮೆಲ್ಲಗೆ ಹೇಳಿ ಧ್ವನಿಮುದ್ರಿಸಿಕೊಳ್ಳಿ. ಹಸು ಯಾರಿಗೂ ಹೇಳುವುದಿಲ್ಲ. ಮತ್ತೆ, ವಾರಕ್ಕೆ ಎರಡು ಮಧ್ಯಾಹ್ನ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ನಿಮ್ಮ ಮನೆಯವರದು. ಇದನ್ನು ಅವರಿಗೆ ಹೇಳಲು ಕಷ್ಟವಾದರೆ ಈ ಪುಟವನ್ನು ಊಟದ ಮೇಜಿನ ಮೇಲೆ ಮರೆತುಬಿಟ್ಟು ಹೋಗಿ.

ನನ್ನ ಪಾತ್ರಗಳು ಅರೆಭಾಷೆ, ಕೊಡವ ತಕ್ಕ್, ಮಲಯಾಳ ಎಲ್ಲ ಮಾತನಾಡುತ್ತವೆ. ಎಲ್ಲವನ್ನೂ ಕನ್ನಡದಲ್ಲೇ ಬರೆದರೆ ಸುಳ್ಳಾಗುತ್ತದೆ, ಹಾಗೇ ಬರೆದರೆ ಧಾರವಾಡದ ಓದುಗನಿಗೆ ಅರ್ಥವಾಗುವುದಿಲ್ಲ. ಏನು ಮಾಡಲಿ? (ಭಾಗಮಂಡಲ)

ಬಂದ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಇದು. ಏಕೆಂದರೆ ಇದರಲ್ಲಿ ನಾನು ಚೆನ್ನಾಗಿ ಪೆಟ್ಟು ತಿಂದಿದ್ದೇನೆ. ನನ್ನ ಮನೆಮಾತು ತುಳು. ಅಪ್ಪ ಪುತ್ತೂರಿನ ಕಡೆಯಿಂದ ಘಟ್ಟ ಹತ್ತಿ ಬಂದವರು. ಎರಡನೆಯ ಕಾದಂಬರಿಯಲ್ಲಿ ಕೊಡವರ ಹಿರಿಯರ ಮನೆಯಾದ ಒಂದು ಐನ್‌ಮನೆಯ ಅಜ್ಜಿಯ ಬಾಯಲ್ಲಿ ಪುಟಗಟ್ಟಲೆ ಕೊಡವ ತಕ್ಕ್ ಆಡಿಸಿ, ಅಡಿಟಿಪ್ಪಣಿಯಲ್ಲಿ ಅರ್ಥ ಕೊಟ್ಟಿದ್ದೆ. ಪುಸ್ತಕ ಓದಿದ ಪಕ್ಕದ ತೋಟದ ಹಿರಿಯ ಹೆಂಗಸೊಬ್ಬರು, 'ರೈಟರೇ, ನಿಮ್ಮ ಅಜ್ಜಿ ಆಕಾಶವಾಣಿಯಲ್ಲಿ ವಾರ್ತೆ ಓದಿದ ಹಾಗೆ ಮಾತನಾಡುತ್ತಾರಲ್ಲ' ಎಂದರು. ವ್ಯಾಕರಣ ಸರಿಯಿತ್ತು, ಅಜ್ಜಿ ಮಾತ್ರ ಇರಲಿಲ್ಲ.

ಆಮೇಲೆ ನಾನು ಕಂಡುಕೊಂಡ ದಾರಿ ಹೀಗಿದೆ. ವಸ್ತುವಿನ ಹೆಸರನ್ನು ಎಂದೂ ಅನುವಾದಿಸುವುದಿಲ್ಲ. ಕೈಮಡ ಕೈಮಡವೇ, ಕೊಡವ ಮನೆತನ ಒಕ್ಕವೇ, ಸುಗ್ಗಿಯ ಹಬ್ಬ ಪುತ್ತರಿಯೇ. ಆದರೆ 'ಅವನು ಕೈಮಡಕ್ಕೆ (ಹಿರಿಯರ ಗುಡಿ) ಹೋದನು' ಎಂದು ಬರೆದರೆ ಕಥೆ ಹೇಳುತ್ತಿದ್ದವನು ಎದ್ದು ಪಾಠ ಮಾಡಲು ನಿಂತಂತೆ. 'ಕೈಮಡದ ಬಾಗಿಲು ತೆರೆದು, ಸತ್ತ ಹಿರಿಯರಿಗೆಲ್ಲ ಕೇಳುವಂತೆ ಒಮ್ಮೆ ಕೆಮ್ಮಿ, ದೀಪ ಹಚ್ಚಿದನು' ಎಂದರೆ ಧಾರವಾಡದವರಿಗೂ ತಿಳಿಯುತ್ತದೆ, ಅವನೆಂಥವನು ಎಂಬುದೂ ತಿಳಿಯುತ್ತದೆ. ಮಾತುಕತೆಯನ್ನು ಕನ್ನಡದಲ್ಲೇ ಬರೆಯುತ್ತೇನೆ, ಆದರೆ ಮೊದಲು ಆ ಭಾಷೆಯವರಿಂದ ಆ ಸಂದರ್ಭವನ್ನು ಬಾಯಲ್ಲಿ ಆಡಿಸಿ ಕೇಳಿಸಿಕೊಳ್ಳುತ್ತೇನೆ. ಅವರು ಎಲ್ಲಿ ನಿಲ್ಲಿಸುತ್ತಾರೆ, ಯಾವುದನ್ನು ಎರಡು ಸಲ ಹೇಳುತ್ತಾರೆ, ಸಿಟ್ಟು ಬಂದಾಗ ವಾಕ್ಯ ಉದ್ದವಾಗುತ್ತದೆಯೋ ತುಂಡಾಗುತ್ತದೆಯೋ ಎಂದು ನೋಡಿಕೊಂಡು ಕನ್ನಡವನ್ನು ಅದಕ್ಕೆ ಬಗ್ಗಿಸುತ್ತೇನೆ. ಒಂದು ಮಾತು ಮಾತ್ರ ಯಾವ ಕನ್ನಡಕ್ಕೂ ಬಗ್ಗದಿದ್ದಾಗ ಅದನ್ನು ಹಾಗೆಯೇ ಬಿಡುತ್ತೇನೆ. ಹತ್ತು ಪುಟಕ್ಕೆ ಅಂಥದ್ದು ಒಂದು ಬಂದರೆ ಓದುಗ ನಿಂತು ಕೇಳಿಸಿಕೊಳ್ಳುತ್ತಾನೆ, ಪುಟಕ್ಕೆ ಹತ್ತು ಬಂದರೆ ಪುಸ್ತಕ ಮುಚ್ಚುತ್ತಾನೆ.

ಇಡೀ ಕಾದಂಬರಿಯನ್ನೇ ಅರೆಭಾಷೆಯಲ್ಲಿ ಬರೆಯುವ ಆಸೆ ನಿಮಗಿದ್ದರೆ ಅದು ಬೇರೆ ದಾರಿ, ಒಳ್ಳೆಯ ದಾರಿ. ಅರೆಭಾಷೆಗೂ ಕೊಡವ ಭಾಷೆಗೂ ಮಡಿಕೇರಿಯಲ್ಲೇ ಅಕಾಡೆಮಿಗಳಿವೆ, ಹೋಗಿ ಮಾತನಾಡಿ.

ಬೂಕರ್ ಬಂದ ಮೇಲೆ ಕನ್ನಡ ಬರಹಗಾರರ ಕಾಲ ಬದಲಾಯಿತೇ? ನಮ್ಮ ಪುಸ್ತಕ ಇಂಗ್ಲಿಷಿಗೆ ಹೋಗಲು ಏನು ಮಾಡಬೇಕು? (ವಿರಾಜಪೇಟೆ)

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ದಿನ ನಮ್ಮಲ್ಲೂ ಸಿಹಿ ಹಂಚಿದರು. ಅನುವಾದಿಸಿದ ದೀಪಾ ಭಾಸ್ತಿ ಮಡಿಕೇರಿಯವರಲ್ಲವೇ! ಬಹುಮಾನದ 50,000 ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ಇದನ್ನು ನೆನಪಿಟ್ಟುಕೊಳ್ಳಿ: ಅನುವಾದಕರೆಂದರೆ ನಿಮ್ಮ ಪುಸ್ತಕಕ್ಕೆ ಕೂಲಿ ಮಾಡುವವರಲ್ಲ. ಬಹುಮಾನ ಬಂದ ಸಂಕಲನದ ಕಥೆಗಳು 1990ರಿಂದ 2023ರವರೆಗೆ ಬರೆದವು. ನಡುವೆ ಬಾನು ಅವರು ವಕೀಲಿಯನ್ನೂ ಮಾಡಿದರು. ಇಂಗ್ಲಿಷಿಗಾಗಿ ಮೊದಲೇ ಅಳತೆ ತೆಗೆದುಕೊಂಡು ಬರೆಯಲು ಹೊರಟವರ ಹಸ್ತಪ್ರತಿಗಳು ಈಗ ನನಗೂ ಬರುತ್ತಿವೆ. ಎರಡನೆಯ ಪುಟದಲ್ಲೇ ಇಡ್ಲಿ ಎಂದರೇನೆಂದು ವಿವರಣೆ ಶುರುವಾಗುತ್ತದೆ.

2018ರ ಆಗಸ್ಟ್‌ನ ಭೂಕುಸಿತದಲ್ಲಿ ನಮ್ಮ ಮನೆಯೂ ಅರ್ಧ ತೋಟವೂ ಗುಡ್ಡದ ಜೊತೆ ಹೋದವು. ಅದನ್ನು ಕಾದಂಬರಿ ಮಾಡಬೇಕು. ಊರಿನವರು ತಮ್ಮನ್ನು ಗುರುತು ಹಿಡಿಯುತ್ತಾರೆ ಎಂದು ಹೆದರಿಕೆ. (ಮಡಿಕೇರಿ ತಾಲ್ಲೂಕು)

ಹಿಡಿಯುತ್ತಾರೆ. ಹೆಸರು ಬದಲಾಯಿಸಿ, ಊರು ಬದಲಾಯಿಸಿ, ಗಂಡಸನ್ನು ಹೆಂಗಸು ಮಾಡಿ, ಆದರೂ ಹಿಡಿಯುತ್ತಾರೆ. ನೀವು ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲವೋ ಅವರೂ 'ಇದು ನಾನೇ' ಎಂದು ಜಗಳಕ್ಕೆ ಬರುತ್ತಾರೆ. ಅದಕ್ಕೆ ಮದ್ದಿಲ್ಲ. ಆದರೆ ಎರಡು ಸಂಗತಿ ನಿಮ್ಮ ಕೈಯಲ್ಲಿವೆ.

ಒಂದು, ಈಗಲೇ ಟಿಪ್ಪಣಿ ಮಾಡಿ, ಕಾದಂಬರಿಯನ್ನು ಈಗಲೇ ಮಾಡಬೇಕಿಲ್ಲ. ಆ ಆಗಸ್ಟ್‌ನ ನನ್ನ ಹಾಜರಿ ಪುಸ್ತಕದ ಪುಟ ಈಗಲೂ ನನ್ನ ಹತ್ತಿರವಿದೆ. ಮಳೆಗೆ ಶಾಯಿ ಹರಡಿ 14ನೇ ತಾರೀಖಿನ ನಂತರ ಓದಲಾಗುವುದಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ, ನಮ್ಮ ತೋಟಕ್ಕೆ ಓಡಿಬಂದ ಮನೆಗಳವರು ಏನೇನು ಹಿಡಿದುಕೊಂಡು ಬಂದರು ಎಂದು ಬರೆದಿಟ್ಟಿದ್ದೇನೆ. ಒಬ್ಬರು ಜಾಗದ ದಾಖಲೆ, ಒಬ್ಬರು ಕೋವಿ, ಒಬ್ಬಳು ಹುಡುಗಿ ಇಸ್ತ್ರಿ ಮಾಡಿದ ಸಮವಸ್ತ್ರ, ಒಬ್ಬ ಮುದುಕ ಟಿ.ವಿ. ರಿಮೋಟ್ ಮಾತ್ರ. ಟಿ.ವಿ. ಮನೆಯ ಜೊತೆ ಹೋಗಿತ್ತು. ಪತ್ರಿಕೆಗಳಲ್ಲಿ ಹೆಕ್ಟೇರ್ ಲೆಕ್ಕ, ಪರಿಹಾರದ ಲೆಕ್ಕ ಸಿಗುತ್ತದೆ. ರಿಮೋಟ್ ಸಿಗುವುದಿಲ್ಲ.

ಇನ್ನೊಂದು ನಮ್ಮ ತೋಟದ ಹಳೆಯ ಆಳೊಬ್ಬರ ಮಾತು. ಕೊಯ್ಲಿನ ಸಂಜೆ ತಕ್ಕಡಿಗೆ ಚೀಲ ಇಡುವಾಗಲೆಲ್ಲ ಆ ಅಜ್ಜಿ ಹೇಳುತ್ತಿದ್ದರು: 'ರೈಟರೇ, ತೂಕ ನೋಡಿ ಬರೆಯಿರಿ, ಮುಖ ನೋಡಿ ಬರೆಯಬೇಡಿ.' ಊರಿನವರ ಸಿಟ್ಟು ಗುರುತು ಸಿಕ್ಕಿದ್ದಕ್ಕಲ್ಲ, ತಕ್ಕಡಿ ಒಂದು ಕಡೆಗೆ ವಾಲಿದ್ದಕ್ಕೆ. ನಿಮಗೆ ಕೇಡು ಮಾಡಿದವರ ಮನೆಯಲ್ಲೂ ಆ ರಾತ್ರಿ ನೀರು ನುಗ್ಗಿತ್ತು ಎಂಬುದನ್ನು ಬರೆಯಲು ನಿಮಗೆ ಸಾಧ್ಯವಾಗುವವರೆಗೆ ಕಾಯಿರಿ.

ನನ್ನ 540 ಪುಟದ ಹಸ್ತಪ್ರತಿಯನ್ನು ನೀವು ಓದಿ ಅಭಿಪ್ರಾಯ ಹೇಳುತ್ತೀರಾ? (ಸೋಮವಾರಪೇಟೆ)

ಮೊದಲ 30 ಪುಟ ಮಾತ್ರ ಕಳುಹಿಸಿ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಾಯಿಸಿದ ಮೇಲೆ ಒಮ್ಮೆ ಓದಿ ನೋಡಿ. ಕಳೆದ ವರ್ಷ ಬಂದ ಒಂದು ಹಸ್ತಪ್ರತಿಯಲ್ಲಿ ಅರ್ಕಾವತ್ತುಗಳೆಲ್ಲ ಹಾರಿಹೋಗಿ ನಾಯಕ ಧರ್ಮ ಹುಡುಕುತ್ತಾನೋ ಧಮ ಹುಡುಕುತ್ತಾನೋ ಗೊತ್ತಾಗಲಿಲ್ಲ. ಹಾಳೆಯ ಒಂದೇ ಬದಿಗೆ ಮುದ್ರಿಸಿ, ಪುಟಸಂಖ್ಯೆ ಹಾಕಿ. ಸುರುಳಿ ಬೈಂಡಿಂಗ್ ಬೇಡ. ಮಾರ್ಚ್ ಕಳೆದ ಮೇಲೆ ಕಳುಹಿಸಿ. ನಿವೃತ್ತನಾಗಿದ್ದರೂ ಕೊಯ್ಲು ಮುಗಿಯುವವರೆಗೆ ತೋಟದವರು ತೂಕ ಬರೆಯಲು ನನ್ನನ್ನು ಕರೆಯುತ್ತಾರೆ. ಖಾಲಿ ಬದಿಯಲ್ಲಿ ನಾನು ಲೆಕ್ಕ ಬರೆದುಕೊಂಡರೆ ಬೇಸರ ಮಾಡಿಕೊಳ್ಳಬೇಡಿ.